ನಿಮ್ಮ ಎಣ್ಣೆ ರೆಡಿ ಇದೆ

ಜೂನ್ 3, ಮಂಗಳವಾರ
ಎಣ್ಣೆ ಮಿಲ್ಲಿನಲ್ಲಿ ಇವತ್ತೂ ಅದೇ. ಕೊಬ್ಬರಿ ಚೀಲ ತೂಗು, ಟೋಕನ್ ಕೊಡು, ಜನರನ್ನು ಮನೆಗೆ ಕಳಿಸು. ಎಣ್ಣೆಯಾದ ಮೇಲೆ ವಾಟ್ಸಾಪಿನಲ್ಲಿ ನನ್ನ ದನಿ ಕಳಿಸು — 'ನಮಸ್ಕಾರ. ನಿಮ್ಮ ಕೊಬ್ಬರಿ, ನಿಮ್ಮದೇ ಎಣ್ಣೆ. ರೆಡಿ ಇದೆ, ಬನ್ನಿ.' ಯಾರಾದರೂ ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟುತ್ತದೆ. ಫೋನಿನಲ್ಲಿ ಮಾತ್ರ ಹೇಗೋ ಮಾತು ಬರುತ್ತದೆ. ಓನರ್ ಮೋಹನಣ್ಣ ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಅದಕ್ಕೇ.

ಮೊದಲು ಜನ ಮಿಷನ್ ಪಕ್ಕದಲ್ಲೇ ಕೂರುತ್ತಿದ್ದರು. ತಮ್ಮ ಕೊಬ್ಬರಿ ಹಾಕುವುದು, ಎಣ್ಣೆ ಇಳಿಯುವುದು — ಎಲ್ಲ ಕಣ್ಣಾರೆ ನೋಡಿ ಕ್ಯಾನ್ ತುಂಬಿಸಿಕೊಂಡು ಹೋಗುತ್ತಿದ್ದರು. ಯುಗಾದಿಯಿಂದ ಯಾರನ್ನೂ ಒಳಗೆ ಬಿಡುವುದಿಲ್ಲ. 'ಕಸ್ಟಮರ್ ಟೈಮ್ ಉಳಿಸ್ಬೇಕು ಲತಾ. ಆಗ ನಮ್ಮನ್ನ ಬಿಟ್ಟು ಹೋಗಲ್ಲ.' ಹಾಸನದಲ್ಲಿ ವ್ಯಾಪಾರದ ಟ್ರೈನಿಂಗ್ ಮುಗಿಸಿ ಬಂದ ಮೇಲೆ ಮೋಹನಣ್ಣನದು ಇದೇ ಮಾತು.

ಜೂನ್ 5, ಗುರುವಾರ
ಹಾರನಹಳ್ಳಿಯ ಬೋರಮ್ಮ ಕ್ಯಾನ್ ವಾಪಸ್ ಹೊತ್ತುಕೊಂಡು ಬಂದರು. ಆ ಊರಿನ ಚೀಲ, ಕ್ಯಾನ್ ಎಲ್ಲ ಟೆಂಪೋದಲ್ಲೇ ಓಡಾಡುವುದು; ಅವರು ನನ್ನನ್ನು ನೋಡಿದ್ದು ಇದೇ ಮೊದಲು.

'ಫೋನಲ್ಲಿ ಮಾತಾಡೋಳು ನೀನೇಯಾ? ದನಿ ನೋಡಿ ಎಂಗೋ ಅನ್ಕಂಡಿದ್ದೆ, ನೀನು ನೋಡಿದ್ರೆ ಕಡ್ಡಿ ಹಂಗಿದ್ದೀಯ.' ಮುಚ್ಚಳ ತೆಗೆದರು. 'ಮೂಸು. ನಮ್ಮ ಕಾಯಿ ಒಲೆ ಮೇಲಿನ ಅಟ್ಟದಾಗೆ ಒಣಗಿದ್ದು. ಹೊಗೆ ವಾಸ್ನೆ ಎಲ್ಲೈತೆ?'

ಮೂಸಿದೆ. ಇರಲಿಲ್ಲ.

'ಮೊಮ್ಮಗಳು ಬಾಣಂತಿ. ಮಗೀನ ನೆತ್ತಿಗೆ ಯಾರ್ದೋ ಮನೆ ಎಣ್ಣೆ ಹಾಕನಾ?'

ಮೋಹನಣ್ಣ ನಗುತ್ತ ಬಂದು ಅರ್ಧ ಲೀಟರ್ ಎಣ್ಣೆ ಹೆಚ್ಚಿಗೆ ಕೊಡಲು ಹೋದರು. ಬೋರಮ್ಮ ಮುಟ್ಟಲಿಲ್ಲ. 'ಜಾಸ್ತಿ ಬ್ಯಾಡ ಕಣಪ್ಪ. ನಂದು ಬೇಕು.'

ಹೋಗುವಾಗ ನನ್ನ ಕಡೆ ತಿರುಗಿ, 'ಇವನ ಮಾತಿಗಲ್ಲ, ನೀನು ಹೇಳ್ದೆ ಅಂತ ನಂಬಿದ್ದೆ.'

ಜೂನ್ 6
ಮಿಷನ್ ಓಡಿಸುವ ಗಿಡ್ಡಯ್ಯನನ್ನು ಕೇಳಿದೆ — ಚೀಲಗಳನ್ನು ಬೇರೆ ಬೇರೆಯಾಗಿ ತಾನೇ ಹಾಕೋದು?

'ನಿಂಗ್ಯಾಕವ್ವ ಮಿಷನ್ ಸುದ್ದಿ? ಫೋನು ನೋಡ್ಕ ಹೋಗು.'

ನಕ್ಕ. ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಬೇರೆ ದಿನ ಎಳೆದುಕೊಳ್ಳುತ್ತಾನಾ? ನೆನಪಾಗುತ್ತಿಲ್ಲ. ಈಗ ಎಲ್ಲದರ ಮೇಲೂ ಅನುಮಾನ.

ಜೂನ್ 9, ಸೋಮವಾರ, ಮಧ್ಯಾಹ್ನ
ಟೀ ಕೊಡುವ ನೆಪ ಮಾಡಿ ಒಳಗೆ ಹೋದೆ. ಗಿಡ್ಡಯ್ಯ ಮೂರು ಸಣ್ಣ ಚೀಲ ಒಂದೇ ತೊಟ್ಟಿಗೆ ಸುರಿಯುತ್ತಿದ್ದ. ಚೀಲಕ್ಕೆ ಕಟ್ಟಿದ್ದ ಟೋಕನ್‌ಗಳು ಕಿಟಕಿಯ ಮೇಲೆ.

ನನ್ನನ್ನು ನೋಡಿ ಗಿಡ್ಡಯ್ಯ ಹೆದರಲೂ ಇಲ್ಲ. 'ಐದೈದು ಕೆಜಿಗೆಲ್ಲ ಮಿಷನ್ ಬಿಸಿ ಮಾಡ್ಕಂಡು ಕೂರಕ್ಕಾಯ್ತದಾ? ತೂಕಕ್ಕೆ ತಕ್ಕಂಗೆ ಎಣ್ಣೆ ಅಳೆದು ಕೊಡ್ತೀವಿ. ಒಂದು ತೊಟ್ಟು ಮೋಸ ಇಲ್ಲ.'

ಅಳತೆಯಲ್ಲಿ ಇಲ್ಲ, ನಿಜ. ಆದರೆ 'ನಿಮ್ಮದೇ' ಅಂತ ಮನೆಮನೆಗೆ ಹೇಳುತ್ತಿರುವುದು ಗಿಡ್ಡಯ್ಯ ಅಲ್ಲ...

ಜೂನ್ 14, ಶನಿವಾರ
ಹಾರನಹಳ್ಳಿ ಕಡೆಯ ಚೀಲಗಳು ನಿಂತೇಹೋದವು. ಟೆಂಪೋದವನು ಬೇರೆ ಮಿಲ್ಲಿಗೆ ಒಯ್ಯುತ್ತಾನಂತೆ.

ಮೋಹನಣ್ಣ ಈಗ ಸಂಜೆ ಸಂಜೆ ಮಿಲ್ಲಿನ ಫೋನ್ ಇಸಿದುಕೊಂಡು ನಾನು ಯಾರಿಗೆ ಏನು ಕಳಿಸಿದ್ದೇನೆ ಅಂತ ನೋಡುತ್ತಾರೆ.

'ಆ ಬೋರಮ್ಮನಿಗೆ ಏನ್ ಹೇಳ್ದೆ?'

'ಏನೂ ಇಲ್ಲಣ್ಣ.'

'ಮೂಸಿ ಸುಮ್ನೆ ನಿಂತ್ಯಂತೆ. ಅದೂ ಹೇಳ್ದಂಗೇ ಅಲ್ವಾ?'

ಆಮೇಲೆ ಮೆತ್ತಗೆ ಹೇಳಿದರು — ನಾಳೆ ಎಲ್ಲ ಕಸ್ಟಮರ್‌ಗೂ ಒಂದು ಮೆಸೇಜ್ ಹೋಗಬೇಕು. 'ನಮ್ಮಲ್ಲಿ ಒಬ್ಬರ ಕೊಬ್ಬರಿ ಇನ್ನೊಬ್ಬರದಕ್ಕೆ ಸೇರುವುದಿಲ್ಲ. ನಂಬಿ ಬನ್ನಿ.'

'ನೀವೇ ಹೇಳಿ ಅಣ್ಣ...'

'ನಾನ್ ಹೇಳಿದ್ರೆ ವ್ಯಾಪಾರ ಅಂತಾರೆ. ನೀನ್ ಹೇಳಿದ್ರೆ ಮನೆ ಮಗಳು ಹೇಳ್ದಂಗೆ. ಆಗಲ್ಲ ಅಂದ್ರೆ ಸೋಮವಾರದಿಂದ ಬರಬೇಡಮ್ಮ.'

ಅಮ್ಮನಿಗೆ ಹೇಳಿಲ್ಲ. ಈ ಕೆಲಸ ಹೋದರೆ ಯಾವುದಾದರೂ ಅಂಗಡಿಯಲ್ಲಿ ಜನರ ಮುಂದೆ ನಿಲ್ಲಬೇಕು.

ಜೂನ್ 15, ಭಾನುವಾರ, ಸಂಜೆ 4
ಮೋಹನಣ್ಣ ಬೇಲೂರಿಗೆ ಮದುವೆಗೆ ಹೋಗಿದ್ದಾರೆ. ಮಿಲ್ಲಿನ ಫೋನ್ ನನ್ನ ಹತ್ತಿರ. ರೆಕಾರ್ಡ್ ಮಾಡಿದೆ, ಅಳಿಸಿದೆ. ಮತ್ತೆ ಮಾಡಿದೆ. 'ನಂಬಿ' ಅನ್ನುವಲ್ಲಿ ದನಿ ಒಡೆಯುತ್ತದೆ. ಅಳಿಸಿದೆ.

ಸಂಜೆ 4:45
ಕಳಿಸಿಬಿಟ್ಟೆ. ಅವರು ಹೇಳಿಕೊಟ್ಟದ್ದಲ್ಲ.

'ನಮಸ್ಕಾರ. ನಾನು ಮಿಲ್ಲಿನ ಲತಾಮಣಿ. ಸಣ್ಣ ಚೀಲಗಳನ್ನ ಒಟ್ಟಿಗೆ ಹಾಕಿ ಆಡಿಸ್ತಾರೆ. ಅಳತೆಯಲ್ಲಿ ಮೋಸ ಇಲ್ಲ. ನಿಮ್ಮದೇ ಎಣ್ಣೆ ಬೇಕು ಅನ್ನೋರು ಬಂದು ಮುಂದೆ ನಿಂತು ಆಡಿಸ್ಕೊಳ್ಳಿ.'

ಎಲ್ಲರಿಗೂ ಹೋಯಿತು. ಲಿಸ್ಟಿನಲ್ಲಿ ಮೋಹನಣ್ಣನ ನಂಬರೂ ಇದೆ. ಗೊತ್ತಿದ್ದೇ ಒತ್ತಿದೆ.

ಸಂಜೆ 5:20
ಬೋರಮ್ಮನ ದನಿ ಬಂತು. ಹಿಂದೆ ಮಗು ಅಳುವ ಸದ್ದು. 'ನಾಳಿಕ್ಕೆ ಮೊದ್ಲ ಬಸ್ಸಿಗೇ ಚೀಲ ತತ್ತೀನಿ ಕಣ್ ಮಗಾ. ನೀನಿರ್ತೀಯ ತಾನೆ?'

ಇರ್ತೀನಿ ಅನ್ನಲು ಬೆರಳಿಟ್ಟೆ. ಅಷ್ಟರಲ್ಲಿ ಮೋಹನಣ್ಣನ ಫೋನ್. ನಿಂತಿತು. ಮತ್ತೆ ಬಂತು.

ಎತ್ತುತ್ತೇನೆ. ಎತ್ತಿ, ಅವರು ಬಾಯಿ ತೆಗೆಯುವ ಮೊದಲು ನಾನೇ ಹೇಳುತ್ತೇನೆ — 'ನಾಳೆ ಬೋರಮ್ಮ ಬರ್ತಾರಣ್ಣ, ಅವರ ಚೀಲ ಬೇರೆಯಾಗಿ ಆಡಿಸೋವರೆಗೂ ನಾನು ಅವರ ಜೊತೆ ಮಿಷನ್ ಮುಂದೆ ನಿಂತಿರ್ತೀನಿ.'