ಬೊಟ್ಟಿಲ್ಲದ ಬಾಗಿಲು

ಮಾನ್ಯ ಬ್ಲಾಕ್ ಅಭಿವೃದ್ಧಿ ಅಧಿಕಾರಿಗಳೇ,

ನಮ್ಮೂರಿನಿಂದ ಶಹಾಪುರದ ದೊಡ್ಡ ರಸ್ತೆಗೆ ಸೇರುವ ಎರಡು ಮೈಲಿ ದಾರಿ ಶ್ರಮದಾನದಿಂದಲೇ ಪೂರ್ಣಗೊಂಡಿತೆಂದೂ, ಊರಿನ ಒಂದು ಮನೆಯೂ ಹಿಂದುಳಿಯಲಿಲ್ಲವೆಂದೂ ತಾವು ಮೇಲಿನವರಿಗೆ ಬರೆದಿದ್ದೀರಿ. ಎರಡೂ ನಿಜ. ಕೊನೆಯ ಮನೆ ಹೇಗೆ ಬಂತು ಎಂಬುದನ್ನು ಮಾತ್ರ ಬರೆದಿಲ್ಲ. ಆ ಮನೆಯಲ್ಲಿ ಒಬ್ಬ ಮುದುಕಿ ನೀರು ನೀರು ಎಂದು ಕೂಗುತ್ತ ಸತ್ತಳು. ಸುತ್ತಲಿನ ಐದು ಮನೆಗಳಿಗೆ ಆ ಕೂಗು ಕೇಳಿಸಿತ್ತು. ಯಾರೂ ಹೊಸ್ತಿಲು ಇಳಿಯಲಿಲ್ಲ. ಇಳಿಯದಿರುವುದನ್ನು ಅವರಿಗೆ ಕಲಿಸಿದವರು ತಾವು. ತಮಗೆ ಕಲಿಸಿದವನು ನಾನು. ಆದ್ದರಿಂದಲೇ ಈ ಕಾಗದವನ್ನು ತಮ್ಮ ಕಚೇರಿಗೆ ಗುಟ್ಟಾಗಿ ಕಳಿಸದೆ, ಎಲ್ಲರೂ ಓದಲೆಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ತಮಗೆ ನೆನಪಿರಬಹುದು. ಹೋದ ಮಾಘದಲ್ಲಿ ತಾವು ನನ್ನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಿರಿ. ಎದುರುಮನೆಯ ಅಯ್ಯಣ್ಣನ ಹೆಂಡತಿ ಸೀರೆಗೆ ಬಂದಿದ್ದಳು. ಹನ್ನೆರಡು ಸೀರೆ ಹರವಿದರೂ ಒಪ್ಪಲಿಲ್ಲ. ಬದಿಗಿಟ್ಟಿದ್ದ ಒಂದನ್ನು ತೋರಿಸಿ, “ಅದು ಗೌಡರ ಮನಿಗೆ ತಗದಿಟ್ಟದ್ದವ್ವಾ, ಮುಟ್ಟಬ್ಯಾಡ” ಎಂದೆ. ಅದನ್ನೇ ಹಟ ಹಿಡಿದು ಒಯ್ದಳು. ಅದನ್ನು ಯಾವ ಗೌಡರೂ ಕೇಳಿರಲಿಲ್ಲ. ತಾವು ನಕ್ಕು, ಇದರ ಗುಟ್ಟೇನು ಎಂದಿರಿ. ಸಾಹೇಬರೇ ಕೇಳಿದರಲ್ಲ ಎಂಬ ಉಬ್ಬಿನಲ್ಲಿ ಹೇಳಿಬಿಟ್ಟೆ: “ಸಾಹೇಬ್ರ, ಗಿರಾಕಿ ಮಾಲ್ ನೋಡಂಗಿಲ್ರಿ, ಬಾಜೂಕಿನವರ ಕೈ ನೋಡ್ತಾರ. ಮಂದಿ ತಗೊಂಡದ್ದು ಚಲೋ, ಮಂದಿ ಬಿಟ್ಟದ್ದು ಖರಾಬ್.” ಹೈದರಾಬಾದಿನ ತರಬೇತಿಯಲ್ಲಿ ಓದಿದ ಮನಶ್ಶಾಸ್ತ್ರದ ಪುಸ್ತಕವೂ ಇದನ್ನೇ ಹೇಳುತ್ತದೆ ಎಂದು ತಾವು ಟಿಪ್ಪಣಿ ಮಾಡಿಕೊಂಡಿರಿ. ಅಂಗಡಿಯ ಚಾಲಾಕಿಗೆ ಶಾಸ್ತ್ರದ ಪದವಿ ಸಿಕ್ಕಿತೆಂದು ನಾನು ಎರಡು ದಿನ ಬೀಗಿದೆ.

ರಸ್ತೆ ಕೆಲಸ ಶುರುವಾದಾಗ ಮಣ್ಣು ಹೊರಲು ಬಂದವರು ಹನ್ನೊಂದು ಮಂದಿ. ತಾವು ಗದರಿಸಲಿಲ್ಲ, ದಂಡ ಹಾಕಲಿಲ್ಲ. ನಿಜಾಮರ ಕಾಲದ ಬಿಟ್ಟಿ ಬೇಗಾರಿ ಈಗಿಲ್ಲ, ಇದು ಸ್ವರಾಜ್ಯ ಎಂದು ಭಾಷಣ ಮಾಡಿದಿರಿ. ಮರುದಿನ ತಮ್ಮ ಜವಾನ ಸುಣ್ಣದ ಡಬ್ಬಿ ಹಿಡಿದು ಬಂದು, ಆ ಹನ್ನೊಂದು ಬಾಗಿಲುಗಳ ಮೇಲೆ ತಟ್ಟೆಯಗಲದ ಬಿಳಿ ಬೊಟ್ಟು ಇಟ್ಟ. ಅಷ್ಟೇ. ವಾರದಲ್ಲಿ ಅರವತ್ತು ಬಾಗಿಲು ಬೆಳ್ಳಗಾದವು. ಹದಿನೈದು ದಿನಕ್ಕೆ ನೂರು ದಾಟಿದವು. “ನಾನು ಯಾರನ್ನೂ ಶಿಕ್ಷಿಸಿಲ್ಲ ಮೌನಪ್ಪ, ಬಂದವರನ್ನು ಗೌರವಿಸಿದ್ದೇನೆ” ಎಂದು ತಾವು ಹೇಳಿದಾಗ ನಾನೂ ತಲೆದೂಗಿದೆ. ನೂರು ಬಾಗಿಲಿಗೆ ಗೌರವ ಕೊಟ್ಟರೆ ಉಳಿದ ಬಾಗಿಲಿಗೆ ಏನು ಕೊಟ್ಟಂತಾಯಿತು ಎಂದು ನಾವಿಬ್ಬರೂ ಯೋಚಿಸಲಿಲ್ಲ.

ಕಡೆಗೆ ಉಳಿದದ್ದು ಒಂದೇ ಬಾಗಿಲು, ಅಖ್ತರಬೇಗಂಳದು. ನನ್ನ ಅಂಗಡಿಯ ಕುಬಸಗಳನ್ನು ಹೊಲಿದುಕೊಡುವವಳು ಅವಳೇ. ಲಕ್ವಾ ಹೊಡೆದು ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರಲಾಗದು, ಬದಲಿಗೆ ಕೆಲಸದವರಿಗೆ ರೊಟ್ಟಿ ಬಡಿದು ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದಳು. ಮಣ್ಣು ಹೊತ್ತವರಿಗೆ ಮಾತ್ರ ಬೊಟ್ಟು ಎಂದು ತಮ್ಮ ಕಚೇರಿ ತಿಳಿಸಿತು. ಆಮೇಲೆ ನಡೆದದ್ದನ್ನು ಯಾರೂ ಹುಕುಂ ಮಾಡಿ ಮಾಡಿಸಲಿಲ್ಲ. ಪಕ್ಕದ ಮನೆಯ ಮುದುಕಮ್ಮ ಎಂಬಾಕೆ, ಇಪ್ಪತ್ತು ವರ್ಷ ಅವಳ ಜೊತೆ ನೀರು ಸೇದಿದವಳು, ಬಾವಿಗೆ ಬೇರೆ ಹೊತ್ತಿನಲ್ಲಿ ಹೋಗತೊಡಗಿದಳು. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಹೆಂಗಸರು ಒಬ್ಬೊಬ್ಬರಾಗಿ ವಾಪಸ್ ತಂದರು. ‘ಬೊಟ್ಟಿಲ್ಲದ ಮನಿ’ ಎಂಬುದು ವಿಳಾಸವಾಯಿತು, ಆಮೇಲೆ ಬೈಗುಳವಾಯಿತು.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವಳು ಬಂದಳು. ಕೂಡಲಿಲ್ಲ.

“ಅಣ್ಣಾ, ನಮ್ಮ ಬಾಗಲಿಗೂ ಒಂದ್ ಬೊಟ್ಟ ಇಟ್ಟುಬಿಡ್ರಿ. ಸುಣ್ಣ ನಾನs ತಂದೀನಿ.”

“ನಾ ಇಡಾಕ ಬರಂಗಿಲ್ಲ ತಂಗಿ. ಸಾಹೇಬ್ರನ್ನ ಕೇಳ್ತೀನಿ.”

“ಪೊಲೀಸ್ ಆ್ಯಕ್ಷನ್ ವರ್ಷ ನಮ್ಮ ಬಾಗಲಿಗೆ ಯಾರೋ ಇದ್ದಲೀಲೆ ಗೀಟು ಹಾಕಿ ಹೋಗಿದ್ರು. ಆ ಗೀಟು ನೋಡೇ ಮಂದಿ ಒಳಗ ಬಂದ್ರು, ಇವರನ್ನ ಕರಕೊಂಡು ಹೋದ್ರು. ಈಗ ಊರಾಗ ಗುರುತಿಲ್ಲದ್ದು ನಮ್ಮದೊಂದs ಬಾಗಲು. ನನಗ ನಿದ್ದಿ ಬರವಲ್ದು ಅಣ್ಣಾ.”

‘ಇವರು’ ಎಂದರೆ ಅವಳ ಗಂಡ ಚಾಂದಪಾಶಾ. ನಿಜಾಮರ ಆಳ್ವಿಕೆ ಮುಗಿದ ಆ ವರ್ಷ ಹೋದವನು ಏಳು ವರ್ಷವಾದರೂ ಮರಳಿಲ್ಲ. ಇಷ್ಟು ಕೇಳಿಯೂ ನಾನು ಏನು ಮಾಡಿದೆ ಗೊತ್ತೇ? ಬೀದಿಯ ಕಡೆ ನೋಡಿದೆ, ಅವಳು ನನ್ನ ಅಂಗಡಿಯಲ್ಲಿ ನಿಂತದ್ದನ್ನು ಯಾರಾದರೂ ಕಂಡರೇ ಎಂದು. ತಮ್ಮನ್ನು ಕೇಳುತ್ತೇನೆಂದವನು ನಾಲ್ಕು ದಿನ ಕೇಳಲಿಲ್ಲ.

ಐದನೆಯ ದಿನ ಅವಳು ಅತ್ತೆಯ ತಲೆಯ ಹತ್ತಿರ ತಂಬಿಗೆಯಿಟ್ಟು, ಬಾಗಿಲು ಮುಂದೆ ಮಾಡಿ, ಬುರ್ಖಾದಲ್ಲೇ ಬಂದು ಬಿಸಿಲು ಇಳಿಯುವವರೆಗೆ ಮಣ್ಣು ಹೊತ್ತಳು. ಜನ ಚಪ್ಪಾಳೆ ತಟ್ಟಿದರು. ತಾವೂ ತಟ್ಟಿದಿರಿ. ಅದೇ ಹೊತ್ತಿಗೆ ಮನೆಯಲ್ಲಿ ಆ ಮುದುಕಿಯ ಕೈ ತಾಗಿ ತಂಬಿಗೆ ಉರುಳಿತ್ತು. ನೀರಿಗಾಗಿ ತೆವಳಿ ಹೊರಸಿನಿಂದ ಬಿದ್ದವಳು, ಬಾಗಿಲ ಹತ್ತಿರದವರೆಗೂ ಬಂದಿದ್ದಳು.

ಅತ್ತೆಯ ದಫನ್ ಆದ ಮೇಲೆ, ಆ ಕೂಗು ಕೇಳಿಸಲಿಲ್ಲವೇ ಎಂದು ಪಕ್ಕದ ಮನೆಯ ಮುದುಕಮ್ಮನನ್ನು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. “ಕೇಳಿಸ್ತಪಾ. ಕೇಳಿಸಲಾರದೇನು? ಹೊಸ್ತಿಲ ತನಕ ಬಂದೆ. ಆ ಕಡಿ ನೋಡಿದೆ, ಈ ಕಡಿ ನೋಡಿದೆ. ಎಲ್ಲಾರೂ ತಮ್ಮ ತಮ್ಮ ಹೊಸ್ತಿಲಾಗ ನಿಂತಿದ್ರು. ಒಬ್ಬರಾದ್ರೂ ಇಳಿದಿದ್ರ ನಾನೂ ಇಳೀತಿದ್ದೆ.” ತಮ್ಮ ಪುಸ್ತಕದಲ್ಲಿ ಈ ವಾಕ್ಯ ಇದೆಯೇ? ಇಲ್ಲದಿದ್ದರೆ ಬರೆದುಕೊಳ್ಳಿ.

ಮರುದಿನ ಬೆಳಿಗ್ಗೆ ಜವಾನ ಬಂದು ಆ ಬಾಗಿಲಿಗೂ ಬೊಟ್ಟು ಇಟ್ಟು ಹೋದ. ನಿಯಮ ನಿಯಮವೇ ಅಲ್ಲವೇ? ಮೂರನೆಯ ದಿನ ಅಖ್ತರಬೇಗಂ ಹೊಲಿಗೆ ಯಂತ್ರವನ್ನು ಗಾಡಿಯಲ್ಲಿ ಹೇರಿಸಿಕೊಂಡು, ಹೊಸ ರಸ್ತೆಯ ಮೇಲೆಯೇ, ಯಾದಗಿರಿಯ ಅಕ್ಕನ ಮನೆಗೆ ಹೊರಟುಹೋದಳು. ನಾನು ಅಂಗಡಿಯಿಂದ ಇಳಿಯಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ರಸ್ತೆ ಮುಗಿದು ಜವಾನ ಹೋದ, ಡಬ್ಬಿ ಊರಲ್ಲೇ ಉಳಿಯಿತು. ಕಳೆದ ಸೋಮವಾರ ಚಾವಡಿಯಲ್ಲಿ ಹಿರಿಯರು ಕೂಡಿ, ಪಂಚರ ಮಾತಿಗೆ ಒಪ್ಪಿದವರ ಬಾಗಿಲಿಗೆ ಎರಡನೆಯ ಬೊಟ್ಟು ಇಡಬೇಕೆಂದು ತೀರ್ಮಾನಿಸಿದ್ದಾರೆ. ಯಾವ ಮಾತಿಗೆ ಎಂದು ಯಾರೂ ಕೇಳಲಿಲ್ಲ. ನಾನೂ ಕೈ ಎತ್ತಿದೆ. ಮುಂದಿನ ಬೊಟ್ಟಿಲ್ಲದ ಬಾಗಿಲು ಯಾರದೆಂದು ಊರು ಈಗ ಹುಡುಕುತ್ತಿದೆ. ಇತ್ತ ತಾವು ಇದೇ ಪ್ರಯೋಗವನ್ನು ಸುರಪುರಕ್ಕೂ ಕಕ್ಕೇರಾಕ್ಕೂ ಒಯ್ಯಲು ಸುತ್ತೋಲೆ ಹೊರಡಿಸುವಿರೆಂದು ಸುದ್ದಿ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಸುತ್ತೋಲೆಯನ್ನು ತಡೆಯಿರಿ. ತಾವೇ ನಮ್ಮೂರಿಗೆ ಬನ್ನಿ, ಹಾಡಹಗಲೇ ಬನ್ನಿ, ಎಲ್ಲರ ಎದುರು ತಮ್ಮ ಕೈಯಿಂದಲೇ ಈ ಬೊಟ್ಟುಗಳನ್ನು ಒರೆಸಿ. ನೀನೇ ಒರೆಸಬಾರದೇ ಎಂದು ಕೇಳಬಹುದು. ನಿನ್ನೆ ಒದ್ದೆ ಅರಿವೆ ಹಿಡಿದು ನನ್ನ ಬಾಗಿಲ ಮುಂದೆ ನಿಂತಿದ್ದೆ. ಎದುರುಮನೆಯ ಕಟ್ಟೆಯ ಮೇಲೆ ಕೂತ ಅಯ್ಯಣ್ಣ ನನ್ನನ್ನೇ ನೋಡುತ್ತಿದ್ದ. ಅರಿವೆ ಮಡಚಿಕೊಂಡು ಒಳಗೆ ಬಂದೆ.

ಇಂತಿ,
ಇನ್ನೂ ಒಳಗೇ ಇರುವ,
ಬಟ್ಟೆ ಅಂಗಡಿ ಮೌನಪ್ಪ