ಕೆಳಗಿನ ತಿರುವಿನಿಂದ ಕಂಡದ್ದು

ಅಕ್ಕನ ಮನೆ,
ಭಾನುವಾರ ಮಧ್ಯಾಹ್ನ

ರೀ,

ನಿನ್ನೆ ನಿಮ್ಮ ತಂಗಿ ಬಂದಿದ್ದಳು. ಗುರುವಾರ ಕೋರ್ಟಿನಲ್ಲಿ ನಾನು ಏನು ಹೇಳಬೇಕೆಂದು ನಿಮ್ಮ ವಕೀಲರು ಕಲಿಸಿದ ಪಾಠವನ್ನು ಒಪ್ಪಿಸಿ ಹೋದಳು. "ಅತ್ತಿಗೆ, ನೀವು ಹಿಂದೆ ಉಳಿದಿದ್ರಿ, ಏನೂ ನೋಡ್ಲಿಲ್ಲ. ಅಷ್ಟು ಹೇಳಿದ್ರೆ ಸಾಕು, ಅಣ್ಣನ ಕೆಲಸ ಉಳಿಯುತ್ತೆ" ಎಂದಳು. ಪಾಪ, ಒಂದು ಲೋಟ ನೀರನ್ನೂ ಕುಡಿಯಲಿಲ್ಲ.

ನಾನು ಹಿಂದೆ ಉಳಿಯುವವಳೆಂದು ಊರಿಗೆಲ್ಲ ಗೊತ್ತು. ನೀವು ಡ್ರಿಲ್ ಮೇಷ್ಟ್ರು, ಗುಡ್ಡ ಕಂಡರೆ ಎಲ್ಲಿಲ್ಲದ ಹುರುಪು. ನಾವು ಸೈಕಲ್ ಪ್ರವಾಸ ಹೋದ ಆ ದಿನವೂ ಬೆಳಗಿನಿಂದ ಅದೇ ಆಯಿತು. ನೀವು ದಿಬ್ಬದ ತುದಿಯಲ್ಲಿ ಕಾಲು ಚಾಚಿ ದಣಿವಾರಿಸಿಕೊಳ್ಳುವುದು, ನಾನು ಏದುಸಿರು ಬಿಡುತ್ತ ತಲುಪಿದ ಕೂಡಲೇ "ಸರಿ, ಹೊರಡೋಣ" ಎಂದು ಪೆಡಲ್ ತುಳಿಯುವುದು. ಟೆಂಟು, ಪಾತ್ರೆ, ಒದ್ದೆ ಬಟ್ಟೆಯ ಚೀಲ ಎಲ್ಲ ನನ್ನ ಕ್ಯಾರಿಯರಿನ ಮೇಲೆ. ಆದರೂ ಬೇಲಿಸಾಲಿನ ಆ ಓಣಿಗಳು ನನಗೆ ಇಷ್ಟವಾಗಿದ್ದವು, ಸುಳ್ಳೇಕೆ ಹೇಳಲಿ. ಒಂದು ಇಳಿಜಾರಿನಲ್ಲಿ ಹಾಡಿಯೂ ಬಿಟ್ಟೆ.

ಆಮೇಲಿನ ಏರು ಸುತ್ತಿ ಸುತ್ತಿ ಹತ್ತುತ್ತಿತ್ತು. ನಾನು ಕೆಳಗಿನ ತಿರುವಿನಲ್ಲಿ ಇಳಿದು ಸೈಕಲ್ ತಳ್ಳುತ್ತಿದ್ದೆ. ನೀವು ಸರಿಯಾಗಿ ನನ್ನ ನೆತ್ತಿಯ ಮೇಲಿನ ತಿರುವಿನಲ್ಲಿದ್ದಿರಿ. ರಸ್ತೆ ಹಿಡಿದು ಬಂದರೆ ದೂರ, ಕಣ್ಣಿಗೆ ಮಾತ್ರ ಮಹಡಿಯಷ್ಟು ಎತ್ತರ. ಎಲ್ಲ ಕಂಡೆ, ಎಲ್ಲ ಕೇಳಿದೆ.

ಎದುರಿನಿಂದ ಬಂದ ಟ್ರ್ಯಾಕ್ಟರಿನವನು ಕಬ್ಬಿಣದ ಸರಳು ಹಿಡಿದು ಮೇಲೆ ಬಿದ್ದನೆಂದು ನೀವು ದೂರು ಬರೆಸಿದ್ದೀರಿ. ಅವನ ಕೈ ಖಾಲಿಯಿತ್ತು. ಓಣಿ ಇಕ್ಕಟ್ಟು, ಹಿಂದಿನ ಟ್ರೇಲರ್ ತುಂಬ ಕಲ್ಲು. ಇಂಜಿನ್ ಆರಿಸಿ ಇಳಿದು ಬಂದು, "ಸಾರ್, ಇದನ್ನ ಹಿಂದಕ್ಕೆ ತಗೊಳ್ಳೋಕಾಗಲ್ಲ, ನೀವೇ ಸ್ವಲ್ಪ ಸರೀರಿ" ಎಂದ. ನಿಮ್ಮ ಸೈಕಲನ್ನು ತಾನೇ ಎತ್ತಿ ಬದಿಗಿಡಲು ಬಗ್ಗಿದ. ಬಗ್ಗಿದವನ ತಲೆಯ ಮೇಲೆ ನೀವು ಉಕ್ಕಿನ ಗಾಳಿ ಪಂಪು ಬೀಸಿದಿರಿ. ಬಿದ್ದು "ಬೇಡ ಸಾರ್" ಎನ್ನುತ್ತಿದ್ದವನ ಮುಖಕ್ಕೇ ಮತ್ತೆ ಮತ್ತೆ ಹೊಡೆದಿರಿ. ಪಂಪು ಡೊಂಕಾದ ಮೇಲೆ ಪಕ್ಕೆಗೆ ಒದ್ದಿರಿ. ನಾನು ಓಡಿ ಬಂದಾಗ ಅವನ ಎಡಗಣ್ಣು ಇದ್ದಲ್ಲಿ ಬರೀ ರಕ್ತ; ಜಲ್ಲಿಯ ಮೇಲೆ ಹಲ್ಲೊಂದು ಬಿದ್ದಿತ್ತು. ನೀವು ಬಾಟಲಿಯ ನೀರಿನಲ್ಲಿ ಕೈ ತೊಳೆದು "ಸರಿ, ಹೊರಡೋಣ" ಎಂದಿರಿ.

ಕಣ್ಣು ಕಳೆದುಕೊಂಡವನೂ ಅವನೇ, ಜೈಲಿಗೆ ಹೋಗುವವನೂ ಅವನೇ ಎಂದರೆ ಇದು ಯಾವ ಸೀಮೆಯ ನ್ಯಾಯ? ಗಾಯದ ಮೇಲೆ ಬರೆ ಎಳೆದ ಹಾಗೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಅವನ ಕಥೆ ಮುಗಿಯಿತು.

ಇಷ್ಟು ವರ್ಷ ನೀವು ಹೇಳಿದ್ದಕ್ಕೆಲ್ಲ ಹೂಂ ಎಂದೆ. ಗುರುವಾರ ಅನ್ನುವುದಿಲ್ಲ. ನನಗೆ ಭಯವಾಗುತ್ತಿದೆ. ಆದರೂ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಇಲ್ಲಿಗೆ ಬರಬೇಡಿ, ಭಾವ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ಇಂತಿ,
ಕಾಗದದ ಮೇಲೆ ಇನ್ನೂ
ನಿಮ್ಮ ಹೆಂಡತಿ

ತಾ.ಕ.: ಅಷ್ಟು ಕೆಳಗಿದ್ದವಳಿಗೆ ಏನು ಕಂಡೀತು ಎಂದು ನಿಮ್ಮ ವಕೀಲರು ಖಂಡಿತ ಕೇಳುತ್ತಾರೆ. ಪಂಪು ಮೇಲೇಳುತ್ತಿದ್ದಂತೆ ನಾನು ಸೈಕಲ್ ಕೈಬಿಟ್ಟು, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು, ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂರುವ ಹಾಗೆಯೇ ರಸ್ತೆಯಲ್ಲಿ ಕುಕ್ಕರಿಸಿಬಿಟ್ಟೆ. ಉಳಿದದ್ದನ್ನೆಲ್ಲ ಮೊಣಕೈ ಸಂದಿಯಿಂದ ನೋಡಿದೆ. ಹೊಡೆತ ಬೀಳುತ್ತಿದ್ದದ್ದು ಅವನ ಮೇಲೆ, ನೀನು ಯಾಕಮ್ಮ ತಲೆ ಮುಚ್ಚಿಕೊಂಡೆ ಎಂದು ಅವರು ಕೇಳಿದರೆ, ಅದನ್ನೂ ಹೇಳುತ್ತೇನೆ.