ಕಾಡಪ್ಪನ ಅಳತೆಯ ಮಷೀನು

ಅಕ್ಟೋಬರ್ 1

ಖಂಡೇಪೂಜೆ. ಮುಂಜಾನೆಯಿಂದ ಕ್ಲಿನಿಕ್ ತೊಳೆದದ್ದೇ ತೊಳೆದದ್ದು. ಕಿವಿ ಪರೀಕ್ಷೆಯ ಮಷೀನು, ಕಂಪ್ಯೂಟರ್, ಸ್ಕ್ರೂಡ್ರೈವರ್ — ಎಲ್ಲಕ್ಕೂ ವಿಭೂತಿ, ಚೆಂಡುಹೂವು. ನಾಳೆ ಬನ್ನಿ ಕೊಡುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಮೈದುನ ಸಚಿನ ನಿನ್ನೆಯೇ ಕಂಪ್ಯೂಟರ್ ಕ್ಲೀನ್ ಮಾಡಿಟ್ಟಿದ್ದಾನಂತೆ. ಒಳ್ಳೆಯ ಹುಡುಗ.

ಅಕ್ಟೋಬರ್ 3

ಒಳ್ಳೆಯ ಹುಡುಗನಂತೆ! ಹಾಳಾದವನು.

ಧೂಳು ಒರೆಸಿದ್ದಾನೆ ಅಂದುಕೊಂಡಿದ್ದೆ. ವಿಂಡೋಸ್ ಹನ್ನೊಂದು ಹಾಕಿದ್ದಾನೆ. ಹಿಯರಿಂಗ್ ಏಡ್ ಜೋಡಿಸಿ ಸೆಟ್ ಮಾಡುವ ಡಬ್ಬಿ ಈಗ ಕಂಪ್ಯೂಟರಿಗೆ ಕಾಣುತ್ತಲೇ ಇಲ್ಲ. ಎರಡನ್ನೂ ಜೋಡಿಸುವ ಡ್ರೈವರ್ ಎಂಬ ಸಾಫ್ಟ್‌ವೇರು ಹೊಸ ವಿಂಡೋಸಿಗೆ ಇಲ್ಲ.

"ಹಳೇ ವಿಂಡೋಸ್ ಬಂದ್ ಆಗತೈತಿ ಅಂದ್ರು ವೈನಿ. ಪೂಜಿಗೆ ಹೊಸಾದಿರಲಿ ಅಂತ ಹಾಕಿದೆ."

"ತಿರಗಿ ಹಳೇದ ಹಾಕು."

"ಅದು... ಹಳೇ ಫೈಲೆಲ್ಲಾ ಡಿಲೀಟ್ ಮಾಡೇನಿ. ಪೂಜಿಗೆ ಕಸ ಇರಬಾರದಲ್ಲ?"

ಕಸ! ಮಾಡಿದ್ದುಣ್ಣೋ ಮಹಾರಾಯ ಅನ್ನೋಣವೆಂದರೆ ಮಾಡಿದವನು ಅವನು, ಉಣ್ಣುವವಳು ನಾನು.

ಮುರಗೋಡದ ಶಟ್ಟೆವ್ವ ಬಂದಿದ್ದಳು. ಗಂಡ ಕಾಡಪ್ಪ ಯುಗಾದಿಯ ಹೊತ್ತಿಗೆ ತೀರಿಕೊಂಡ. ಈಗ ಇವಳಿಗೂ ಕಿವಿ ಮಂದ. ಅವನ ಕಿವಿಯ ಮಷೀನು ದಂಡವಾಗುವುದೇಕೆ ಎಂದು ತಂದಿದ್ದಾಳೆ. ಆದರೆ ಅದರಲ್ಲಿರುವುದು ಅವನ ಅಳತೆ. ಅವನ ಕಿವಿ ಬಹಳ ಹೋಗಿತ್ತು, ಇವಳದು ಅಷ್ಟಿಲ್ಲ. ಸದ್ದು ತಗ್ಗಿಸಬೇಕು. ತಗ್ಗಿಸಲು ಡಬ್ಬಿ ಬೇಕು... ಹದಿನೈದು ದಿನ ಹಾಕಿಕೊಳ್ಳಬೇಡಿ ಎಂದು ಕಳಿಸಿದೆ.

ಅಕ್ಟೋಬರ್ 7, ಮಧ್ಯಾಹ್ನ

ಡಬ್ಬಿಯ ಕಂಪನಿಗೆ ಫೋನ್. ಅರ್ಧ ತಾಸು ಸಂಗೀತ ಕೇಳಿಸಿದರು. ಆಮೇಲೆ ಒಬ್ಬ — "ಹೊಸ ಮಾಡೆಲ್ ತಗೊಳ್ಳಿ ಮೇಡಂ."

ನನ್ನದಕ್ಕೆ ಏನಾಗಿದೆ ಎಂದೆ.

"ಏನೂ ಆಗಿಲ್ಲ ಮೇಡಂ. ಸಪೋರ್ಟ್ ಇಲ್ಲ ಅಷ್ಟೇ."

ಗಟ್ಟಿಮುಟ್ಟಾಗಿ ಓಡಾಡುವವನನ್ನು ಸತ್ತ ಎಂದು ಬರೆದುಬಿಟ್ಟರೆ ಮುಗಿಯಿತೇ? ಮೈ ಉರಿಯುತ್ತಿದೆ. ಸಚಿನನಿಗೆ ಚಹಾ ಬಂದ್.

ಅಕ್ಟೋಬರ್ 11

ಶಟ್ಟೆವ್ವ ತಡೆದಿಲ್ಲ. ಹಾಕಿಕೊಂಡೇ ಬಂದಳು. ಕಣ್ಣು ಕೆಂಪಗಾಗಿತ್ತು.

"ಅಕ್ಕಾರ, ಭಾಂಡಿ-ಪಾತ್ರಿ ಇಟ್ರ ತಲ್ಯಾಗ ಬಡದಂಗ ಆಗತೈತ್ರಿ. ಅವರಿಗೂ ಹಿಂಗ ಕೇಳತಿತ್ತೇನ್ರಿ?"

ಮಷೀನು ಕಿತ್ತು ಟೇಬಲ್ ಮೇಲಿಟ್ಟಳು.

"ಕಡೀಕ ಒಂದ ವರ್ಷ ಹಾಸಿಗಿ ಹಿಡದಿದ್ರು. ಏನಂದ್ರೂ ಮಾತಿಲ್ಲ. ಇವಂಗ ಕೇಳಂಗಿಲ್ಲ ಅಂತ ತಿಳದು ಬಾಯಿಗೆ ಬಂದಂಗ ಬೈದೇನ್ರಿ. ಯಾವಾಗ ಸಾಯತಿ ಅಂತ ಸೈತ ಅಂದೇನಿ. ಮಾರಿ ಆ ಕಡೆ ಮಾಡತಿದ್ರು."

"ಇಲ್ಲ ಯವ್ವಾ, ನಿಮಗ ಜೋರ ಆದದ್ದು ಅವರಿಗೆ ಸಣ್ಣದಾಗಿ ಕೇಳತಿತ್ತು."

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಒಂದು ಡ್ರೈವರ್! ಅದೊಂದು ಇದ್ದಿದ್ದರೆ ಅವತ್ತೇ ತಗ್ಗಿಸಿ ಕೊಡುತ್ತಿದ್ದೆ. ಈ ಪ್ರಶ್ನೆ ಅವಳಿಗೆ ಹುಟ್ಟುತ್ತಲೇ ಇರಲಿಲ್ಲ. ಯಾರ ಮೇಲೆ ಹರಿಹಾಯಲಿ? ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದಕ್ಕೆ ಇನ್ನೂ ಸಿಟ್ಟು ಬಂತು.

ಅಕ್ಟೋಬರ್ 16

ರಾಮದುರ್ಗಕ್ಕೆ ಹೋಗಿ ಸಿದ್ಧಾರೂಢನ ಹಳೆಯ ಲ್ಯಾಪ್‌ಟಾಪ್ ತಂದೆ. ಅವನದೂ ಹಿಯರಿಂಗ್ ಏಡ್ ಅಂಗಡಿಯೇ. "ಅಪ್‌ಡೇಟ್ ಕೇಳಿದಾಗೆಲ್ಲಾ ಆಮ್ಯಾಲ ಅಂತ ಒತ್ತತೇನಿ" ಎಂದು ನಕ್ಕ. ಮೈಗಳ್ಳನೇ ಗೆದ್ದ.

ಅದಕ್ಕೆ ಡಬ್ಬಿ ಕಾಣಿಸಿತು. ಶಟ್ಟೆವ್ವನನ್ನು ಕರೆಸಿ, ಮಷೀನು ಅವಳ ಅಳತೆಗೆ ತಗ್ಗಿಸಿ ಕಿವಿಗಿಟ್ಟೆ. ನಾನು ಮೆಲ್ಲಗೆ ಅಂದದ್ದನ್ನೆಲ್ಲ ತಿರುಗಿ ಅಂದಳು. ಆಮೇಲೆ ಮಷೀನು ಮುಟ್ಟಿ ನೋಡಿಕೊಂಡಳು.

"ಇದು ನನ್ನ ಅಳತಿ. ಅದು ಅವರ ಅಳತಿ. ಹಂಗಾದ್ರ ಈಗ ನಿಮ್ಮ ಮಾತು ನನಗ ಕೇಳಿದಂಗ, ನನ್ನ ಮಾತು ಅವರಿಗೆ ಕೇಳತಿತ್ತು. ಹೌದಲ್ರಿ?"

ಹೌದು. ಅವನಿಗೆ ಸೆಟ್ ಮಾಡಿದವಳು ನಾನೇ.

"ಅವರು ಹಾಕೋತಿರಲಿಕ್ಕಿಲ್ಲ ಬಿಡ್ರಿ ಯವ್ವಾ. ಬಾಳ ಮಂದಿ ತಗದು ಕಪಾಟಿನ್ಯಾಗ ಇಟ್ಟ ಬಿಡತಾರ."

"ದಿನಾ ಮುಂಜಾನೆ ಮಾರಿ ತೊಳದು, ನಾನ ಹಾಕತಿದ್ದೆರಿ."

ಸಚಿನ ಬಾಗಿಲಲ್ಲಿ ಇಣುಕಿದ. "ಸರಿ ಆತೇನ್ ವೈನಿ?"

ಸರಿ ಆಯಿತಂತೆ! ಡ್ರೈವರ್ ಸಿಕ್ಕಿತು, ಮಷೀನು ಸರಿಯಾಯಿತು. ಆ ಬೈಗುಳವೆಲ್ಲ ಅವನಿಗೆ ಕೇಳಿಸಿತ್ತು; ಇನ್ನು ಈ ಹೆಣ್ಣುಮಗಳಿಗೆ ನಾನು ಏನು ಹೇಳಲಿ?